ಕೊಡಗಿನ ತೋಟ, ಹಾಕಿ ಮೈದಾನಗಳಲ್ಲಿ ಒಯ್ಯಬಲ್ಲ ಡಿಫಿಬ್ರಿಲೇಟರ್ ಏಕೆ ಬೇಕು, ಆಂಬುಲೆನ್ಸ್ ಸಾಲದೇ?

ಸಾಲದು. ಹಠಾತ್ ಹೃದಯ ಸ್ತಂಭನವಾದಾಗ ಅನೇಕ ವೇಳೆ ಹೃದಯದ ಕೆಳಕೋಣೆಗಳು ರಕ್ತವನ್ನು ತಳ್ಳದೆ ಬರಿದೇ ಅದುರುತ್ತಿರುತ್ತವೆ. ಆ ಅದುರಾಟವನ್ನು ನಿಲ್ಲಿಸಿ ಸಹಜ ಬಡಿತ ಮರಳಲು ಎಡೆಮಾಡಿಕೊಡುವ ಮುಖ್ಯ ಚಿಕಿತ್ಸೆಯೆಂದರೆ ವಿದ್ಯುತ್ ಆಘಾತ; ಅದನ್ನು ಕೊಡುವ ಉಪಕರಣವೇ ಡಿಫಿಬ್ರಿಲೇಟರ್. ಎದೆಯನ್ನೂ ಒತ್ತದೆ ಆಘಾತವನ್ನೂ ಕೊಡದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುಳಿಯುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಗ್ಗುವುದರಿಂದ, ಮಳೆಗಾಲದ ತಿರುವು ರಸ್ತೆಗಳಲ್ಲಿ 108 ವಾಹನ ನಾಪೋಕ್ಲು ಕಡೆಯ ಒಳತೋಟವೊಂದನ್ನು ತಲುಪುವವರೆಗೆ ಕಾಯುತ್ತ ಕೂರುವಂತಿಲ್ಲ. 1965ರಲ್ಲಿ ಬೆಲ್‌ಫಾಸ್ಟ್‌ನ ವೈದ್ಯ ಫ್ರಾಂಕ್ ಪ್ಯಾಂಟ್ರಿಡ್ಜ್ ರೂಪಿಸಿದ ಉಪಕರಣ ಸುಮಾರು 70 ಕಿಲೋ ತೂಗುತ್ತಿತ್ತು (ಒಂದು ಮೂಟೆ ಕಾಫಿಗಿಂತಲೂ ಭಾರ!), ಇಂದಿನದನ್ನು ಒಂದೇ ಕೈಯಲ್ಲಿ ಒಯ್ಯಬಹುದು. ಅದು ಹೃದಯದ ಲಯವನ್ನು ತಾನೇ ಪರೀಕ್ಷಿಸಿ, ಅಗತ್ಯವಿದ್ದರೆ ಮಾತ್ರ ಆಘಾತಕ್ಕೆ ಸೂಚಿಸುತ್ತದೆ. ಆಘಾತ ಹಾಯಿಸುವ ಪಟ್ಟಿಗಳನ್ನು ಅಂಟಿಸುವ ಮುನ್ನ ಒದ್ದೆ ಎದೆಯನ್ನು ಒರೆಸಲೇಬೇಕು.