ತಡೆಗೋಡೆಯೋ, ಪರಿಹಾರದ ಹಣವೋ? ಮುಳುಗಡೆ ಊರಿನವನ ಉತ್ತರ

ಸಮುದ್ರ ಏರಿ ಪೆಸಿಫಿಕ್ ಸಾಗರದ ತುವಾಲುವಿನಂತಹ ದ್ವೀಪಗಳು ಮುಳುಗುವುದಾದರೆ ಸುತ್ತ ತಡೆಗೋಡೆ ಕಟ್ಟಬೇಕೋ, ಮನೆಮನೆಗೆ ಹಣ ಕೊಟ್ಟು ಬೇಕಾದಲ್ಲಿಗೆ ಕಳಿಸಬೇಕೋ ಎಂದು ಕೇಳಿದ್ದೀರಿ. ನಾನು ಬಾಗಲಕೋಟೆ ಜಿಲ್ಲೆಯ ಮುಳುಗಡೆ ಊರಿನವನು. ಘಟಪ್ರಭೆಯ ದಂಡೆಯ ನಮ್ಮ ಊರು ಈಗ ಆಲಮಟ್ಟಿಯ ಹಿನ್ನೀರಿನಲ್ಲಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ನಮ್ಮ ಮನೆಯ ಕಟ್ಟೆಯ ಕಲ್ಲುಗಳು ಕೆಸರಿನಲ್ಲಿ ಕಾಣಿಸುತ್ತವೆ.

ನೋಟಿಸು ಬಂದಾಗ ನಮ್ಮ ಓಣಿಯ ಹದಿನಾಲ್ಕು ಮನೆಯವರು ಗುಡಿಯಲ್ಲಿ ಕುಳಿತು, ಪುನರ್ವಸತಿ ಕೇಂದ್ರದಲ್ಲಿ ಒಂದೇ ಸಾಲಿನಲ್ಲಿ ನಿವೇಶನ ಕೇಳೋಣವೆಂದು ಮಾತಾಡಿಕೊಂಡರು. ನಾನೊಬ್ಬ ಒಪ್ಪಲಿಲ್ಲ. ಶಾಲೆ ಹತ್ತಿರ, ಮುಂದೆ ಬೆಲೆ ಏರುತ್ತದೆ ಎಂದು ಲೆಕ್ಕ ಹಾಕಿ, ಪರಿಹಾರದ ಹಣದಲ್ಲಿ ಪಟ್ಟಣದಲ್ಲಿ ಬೇರೆಯೇ ಜಾಗ ಕೊಂಡೆ. ಬೆಲೆ ಏರಿತು, ಮಕ್ಕಳೂ ಓದಿದರು. ಲೆಕ್ಕದಲ್ಲಿ ಬಿಟ್ಟುಹೋದದ್ದು ಅವ್ವ. ನನ್ನನ್ನು ನೋಡಿ ಮತ್ತೆ ನಾಲ್ಕು ಮನೆಯವರು ಹಣ ಪಡೆದು ಹೊರಟರು, ಉಳಿದವರಿಗೆ ಎಲ್ಲೆಲ್ಲೋ ನಿವೇಶನ ಬಂತು. ಒಂದು ಸಹಿ ನನ್ನದೊಂದೇ ಮನೆಗೆ ಸಂಬಂಧಿಸಿದ್ದೆಂದು ತಿಳಿದಿದ್ದೆ, ಅದು ಇಡೀ ಓಣಿಯನ್ನು ಒಡೆಯಿತು.

ಹೊಸ ಮನೆಯಲ್ಲಿಯೂ ಅವ್ವ ಶ್ರಾವಣದಲ್ಲಿ ಓಣಿಗೆಲ್ಲ ಆಗುವಷ್ಟು ಗೋಧಿ ಹುಗ್ಗಿ ಮಾಡುತ್ತಿದ್ದಳು. ಒಮ್ಮೆ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದುರುಮನೆಯ ಗೇಟಿನ ತನಕ ಹೋಗಿ, ಒಳಗಿನಿಂದ ಹಾಕಿದ್ದ ಬೀಗವನ್ನು ಮುಟ್ಟಿ ನೋಡಿ ಹಿಂದಿರುಗಿದಳು. "ನಾ ಸತ್ರ ಇಲ್ಲಿ ಅಳಾಕ ಯಾರ್ ಬರ್ತಾರಪಾ?" ಎಂದಳು. ಆಕೆ ತೀರಿಕೊಂಡ ದಿನ ಓಣಿಯವರು ಬೇರೆ ಬೇರೆ ಊರುಗಳಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು.

ಹೀಗಾಗಿ ನಿಮ್ಮ ಎರಡೇ ದಾರಿಗಳ ಲೆಕ್ಕವನ್ನು ನಾನು ಒಪ್ಪಲಾರೆ. ಹವಳದ ದ್ವೀಪಗಳಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಂತಿರುತ್ತದೆ. ನೆಲ ಮುಳುಗುವ ಮೊದಲೇ ಬಾವಿ ಉಪ್ಪಾಗುತ್ತದೆ, ಅದನ್ನು ಗೋಡೆಯೊಂದೇ ತಡೆಯಲಾರದು. ಇನ್ನು ಒಬ್ಬೊಬ್ಬರನ್ನೇ ಕಳಿಸುವ ಮಾತು: 2024ರಲ್ಲಿ ಜಾರಿಗೆ ಬಂದ ಒಪ್ಪಂದದಂತೆ ಆಸ್ಟ್ರೇಲಿಯಾ ವರ್ಷಕ್ಕೆ 280 ತುವಾಲು ಜನರಿಗೆ ಲಾಟರಿಯ ಮೂಲಕ ನೆಲೆಸುವ ಅವಕಾಶ ಕೊಡುತ್ತಿದೆ. ಅದು ಅವರಿಗೆ ಅಗತ್ಯವೇ ಇರಬಹುದು, ಆದರೆ ಲಾಟರಿಗೆ ಓಣಿ ಗೊತ್ತಿಲ್ಲ. ಅದೇ ವರ್ಷ ಪನಾಮಾದ ಗಾರ್ದಿ ಸುಗ್ದುಬ್ ದ್ವೀಪದ ಗುನಾ ಜನರಿಗೆ ಮುಖ್ಯ ಭೂಭಾಗದಲ್ಲಿ ಒಂದೇ ಕಡೆ 300 ಮನೆಗಳನ್ನು ಕಟ್ಟಿಕೊಟ್ಟರು. ನನಗೆ ಸರಿಯೆನಿಸುವುದು ಇದು.

ಆಲಮಟ್ಟಿಯ ನೀರಿನ ಮಟ್ಟವನ್ನು 519.60ರಿಂದ 524.256 ಮೀಟರಿಗೆ ಏರಿಸುವ ಯೋಜನೆಯಲ್ಲಿ ಮುಳುಗುವ ಊರು ನಿಮ್ಮದೂ ಆಗಿದ್ದರೆ, ಸಹಿ ಮಾಡುವ ಮೊದಲು ಓಣಿಯ ಎಲ್ಲ ಮನೆಗಳನ್ನೂ ಒಂದೇ ಅರ್ಜಿಯಲ್ಲಿ ಬರೆಯಿರಿ, ಒಂಟಿಯಾಗಿರುವ ಮುದುಕಿಯ ಹೆಸರನ್ನು ಮೊದಲು ಬರೆಯಿರಿ.