ರಾಷ್ಟ್ರೀಯ ಸಂಶೋಧನಾ ಜಾಲಕ್ಕೆ ಸರ್ಕಾರವೇ ಹಣ ಕೊಟ್ಟು, ಸರ್ಕಾರವೇ ಮುಂದೆ ನಿಲ್ಲಬೇಕಾ? ಸಣ್ಣ ಊರಿನವರಿಗೆ ಅದರಲ್ಲಿ ಏನಿದೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ದಾವಣಗೆರೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು. ದೊಡ್ಡ ಸಂಸ್ಥೆ ನಡುವೆ ನಿಂತು, ಸುತ್ತ ಸಣ್ಣ ಕಾಲೇಜುಗಳನ್ನು ಸೇರಿಸಿಕೊಂಡು ಮಾಡುವ ಸಂಶೋಧನೆಗೆ ನಿಮ್ಮ ವಿಭಾಗವನ್ನೂ ಕರೆದಿದ್ದಾರೆ. "ಹಣವೂ ಸರ್ಕಾರದ್ದು, ಯಜಮಾನಿಕೆಯೂ ಸರ್ಕಾರದ್ದು. ನಮ್ಮಂಥವರು ಇದರಲ್ಲಿ ಬರೀ ಡೇಟಾ ಹೊತ್ತು ಕೊಡುವ ಕೂಲಿಗಳಾಗುತ್ತೇವಾ?" ಅಂತ ಕೇಳಿದ್ದೀರಿ.

ನಾನು ವಿಜ್ಞಾನಿ ಅಲ್ಲ. ಈ ಸೀಮೆಯ ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ 27 ವರ್ಷ ಕ್ಷೇತ್ರ ಸಹಾಯಕನಾಗಿದ್ದು ನಿವೃತ್ತಿಯಾದವನು. ಬೀಜ ಹಾಕಿಸುವುದು, ಕಳೆ ತೆಗೆಸುವುದು, ಗಿಡ ಎಣಿಸುವುದು, ತೆನೆ ತೂಗುವುದು, ಎಲ್ಲವನ್ನೂ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸವಾಗಿತ್ತು. ನೀವು ಹೇಳುವ ಆ ಡೇಟಾ ಹೊತ್ತವರಲ್ಲಿ ನಾನೂ ಒಬ್ಬ. ಅದಕ್ಕೇ ಉತ್ತರಿಸಬೇಕು ಅನ್ನಿಸಿತು.

ಮೊದಲೇ ಹೇಳಿಬಿಡುತ್ತೇನೆ. ಹಣ ಸರ್ಕಾರವೇ ಕೊಡಬೇಕು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಆ ಹಣ ಮಳೆಗೆ ಮುಂಚೆ ಬರಬೇಕು.

ಇಂಥ ಜಾಲ ನಮ್ಮ ದೇಶಕ್ಕೆ ಹೊಸದಲ್ಲ. 1957ರಲ್ಲಿ ಮೆಕ್ಕೆಜೋಳಕ್ಕೆ ಅಖಿಲ ಭಾರತ ಸುಸಂಘಟಿತ ಯೋಜನೆ, ಅಂದರೆ ಒಂದೇ ಪ್ರಯೋಗವನ್ನು ದೇಶದ ಹಲವು ಕೇಂದ್ರಗಳಲ್ಲಿ ಮಾಡಿ ಹೋಲಿಸುವ ಜಾಲ, ಶುರುವಾಯಿತು. ಈ ಥರದ ಯೋಜನೆಗಳಲ್ಲಿ ಅದೇ ಮೊದಲನೆಯದು. ರಾಕ್‌ಫೆಲರ್ ಪ್ರತಿಷ್ಠಾನದ ಸಹಾಯವೂ ಇತ್ತು. ನಾಲ್ಕೇ ವರ್ಷದಲ್ಲಿ, 1961ಕ್ಕೆ, ಗಂಗಾ-1, ಗಂಗಾ-101, ರಂಜಿತ್, ಡೆಕ್ಕನ್ ಅನ್ನುವ ಹೈಬ್ರಿಡ್‌ಗಳು ಹೊರಬಂದವು. ಆಮೇಲೆ 1965ರಲ್ಲಿ ಭತ್ತ, ಗೋಧಿ. ಹೀಗೆ ಒಂದೊಂದೇ ಬೆಳೆ ಸೇರುತ್ತಾ ಹೋಯಿತು. ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳಲ್ಲಿರುವ ಕೇಂದ್ರಗಳಿಗೆ ಶೇ. 75 ಹಣ ದೆಹಲಿಯ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಕೊಡುತ್ತದೆ, ಉಳಿದ ಶೇ. 25 ರಾಜ್ಯದ್ದು. ಮೆಕ್ಕೆಜೋಳದ ಜಾಲವನ್ನು ಈಗ ಲೂಧಿಯಾನದ ಭಾರತೀಯ ಮೆಕ್ಕೆಜೋಳ ಸಂಶೋಧನಾ ಸಂಸ್ಥೆ ನಡೆಸುತ್ತದೆ.

ಪುಸ್ತಕದ ಮಾತು ಅಷ್ಟು ಸಾಕು. ಹೊಲದಲ್ಲಿ ಅದು ಹೇಗೆ ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ಜಾಸ್ತಿ ಹೇಳಬೇಕು.

ಮುಂಗಾರಿಗೆ ಮುಂಚೆ ಬೀಜದ ಪೊಟ್ಟಣಗಳು ಬರುತ್ತವೆ. ಪೊಟ್ಟಣದ ಮೇಲೆ ತಳಿಯ ಹೆಸರು ಇರುವುದಿಲ್ಲ, ಬರೀ ನಂಬರ್. ವಿಶ್ವವಿದ್ಯಾಲಯದ್ದೂ ಅದರಲ್ಲೇ ಇರುತ್ತದೆ, ಖಾಸಗಿ ಬೀಜ ಕಂಪನಿಯದ್ದೂ ಅದರಲ್ಲೇ ಇರುತ್ತದೆ. ಯಾವುದು ಯಾರದ್ದು ಅಂತ ನಮಗೆ ಗೊತ್ತಿಲ್ಲ. ಒಂದೇ ನಂಬರನ್ನು ಹೊಲದ ಮೂರು ಬೇರೆ ಕಡೆ ಹಾಕುತ್ತೇವೆ, ಒಂದು ಜಾಗದ ಮಣ್ಣು ಚೆನ್ನಾಗಿದ್ದು ಅದಕ್ಕೇ ಲಾಭವಾಗಬಾರದು ಅಂತ. ಜೊತೆಗೆ ಆಗಲೇ ಬೆಳೆಯುತ್ತಿರುವ ಒಳ್ಳೆಯ ತಳಿಯೊಂದು ಇರುತ್ತದೆ. ಅದಕ್ಕೆ ಚೆಕ್ ಅಂತಾರೆ. ಅದನ್ನು ಮೀರಿದರೆ ಮಾತ್ರ ಹೊಸದಕ್ಕೆ ಮರ್ಯಾದೆ. ಕಾಳಿನ ತೂಕವನ್ನು ಎಲ್ಲರೂ ಶೇ. 15 ತೇವಾಂಶದ ಲೆಕ್ಕಕ್ಕೆ ತಂದೇ ಬರೆಯಬೇಕು. ಇಲ್ಲಿ ಒದ್ದೆ ತೆನೆ ತೂಗಿ, ಕೊಯಮತ್ತೂರಿನಲ್ಲಿ ಒಣ ತೆನೆ ತೂಗಿ ಹೋಲಿಸಿದರೆ ಏನು ಬಂತು?

ಒಂದು ಸಲ ನಮ್ಮ ಕಡೆಯ ಬೀಜದ ವ್ಯಾಪಾರಿಯೊಬ್ಬರು ಪ್ಲಾಟಿನ ಬದುವಿನಲ್ಲಿ ನಿಂತು, "ಈ ಸಾಲು ಯಾವ ಕಂಪನೀದು ಹೇಳಪ್ಪ" ಅಂತ ಬಹಳ ಹೊತ್ತು ಕೇಳಿದರು. ನನಗೆ ಗೊತ್ತಿದ್ದರೆ ತಾನೇ ಹೇಳಲು. ಅವತ್ತು ನನಗೆ ಈ ವ್ಯವಸ್ಥೆಯ ಮೇಲೆ ನಿಜವಾದ ಗೌರವ ಹುಟ್ಟಿತು. ಕೈಯಲ್ಲಿ ಎರಡು ಎಕರೆ ಇರುವ ಜಗಳೂರಿನ ರೈತನಿಗೆ ಹತ್ತು ಕಂಪನಿಯ ಬೀಜ ಹಾಕಿ ನೋಡಲು ಆಗುವುದಿಲ್ಲ. ಅವನ ಪರವಾಗಿ, ಯಾರ ಮುಲಾಜೂ ಇಲ್ಲದೆ ಹಾಕಿ ನೋಡುವವರು ಒಬ್ಬರು ಬೇಕು. ಬೀಜ ಮಾರುವವರ ಹಣದಲ್ಲಿ ಆ ಕೆಲಸ ನಡೆಯಬಾರದು, ಅಲ್ವಾ?

ಇನ್ನು ನನ್ನ ಮನಸ್ಸಿನಲ್ಲಿ ಉಳಿದಿರುವ ಒಂದು ವರ್ಷದ ಕತೆ. ಆ ವರ್ಷ ಮೃಗಶಿರಾ ಮಳೆ ಚೆನ್ನಾಗಿ ಬಂತು. ಬಿತ್ತನೆ ಸರಿಯಾಗಿ ಮುಗಿಯಿತು. ಆದರೆ ಅನುದಾನದ ಕಂತು ಬರಲಿಲ್ಲ. ಹಿಂದಿನ ವರ್ಷದ ಖರ್ಚಿನ ಲೆಕ್ಕ, ನಾವು ಯುಸಿ ಅನ್ನುತ್ತಿದ್ದೆವು, ಅದು ಎಲ್ಲೋ ಒಂದು ಮೇಜಿನ ಮೇಲೆ ನಿಂತಿತ್ತು. ದಿನಗೂಲಿಯ ಹೆಣ್ಣುಮಕ್ಕಳು ಮೂರು ವಾರ ಸಾಲದ ಮೇಲೆ ಬಂದರು. ಆಮೇಲೆ ಬೇರೆ ಹೊಲಕ್ಕೆ ಹೋದರು. ಅವರ ತಪ್ಪಿಲ್ಲ, ಅವರ ಮನೆಯಲ್ಲೂ ಒಲೆ ಉರಿಯಬೇಕು. ಇದ್ದ ನಾಲ್ಕು ಜನ ಎಡೆಕುಂಟೆ ಹೊಡೆದೆವು. ಅರ್ಧ ಹೊಲಕ್ಕೆ ಸಕಾಲಕ್ಕೆ ಕಳೆ ತೆಗೆದೆವು, ಅರ್ಧಕ್ಕೆ ತಡವಾಯಿತು. ಮೇಲುಗೊಬ್ಬರವೂ ಹಾಗೇ ಆಯಿತು.

ಪರಿಣಾಮ ಏನು ಗೊತ್ತಾ? ಒಂದೇ ನಂಬರಿನ ಬೀಜ ಒಂದು ಕಡೆ ಎದೆಯುದ್ದ, ಇನ್ನೊಂದು ಕಡೆ ಸೊಂಟದುದ್ದ. ಈ ಏರುಪೇರು ಒಂದು ಮಿತಿ ದಾಟಿದರೆ ಆ ಕೇಂದ್ರದ ಅಂಕಿ-ಅಂಶವನ್ನು ರಾಷ್ಟ್ರೀಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಸೇರಿಸಬಾರದು ಕೂಡ. ವಾರ್ಷಿಕ ವರದಿ ಬಂದಾಗ ನಮ್ಮ ಕೇಂದ್ರದ ಎದುರು ಖಾಲಿ. ಹಣ ಬಂತು, ಆದರೆ ಕೊಯ್ಲಾದ ಮೇಲೆ. ಅದನ್ನು ಮಾರ್ಚ್ 31ರೊಳಗೆ ಖರ್ಚು ಮಾಡಿ ಅಂತ ಪತ್ರವೂ ಬಂತು. ಆ ಖಾಲಿ ಜಾಗ ನೋಡಿ ಅವತ್ತು ನನಗೆ ಊಟ ಸೇರಲಿಲ್ಲ. ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಅಂತಾರೆ ನಮ್ಮ ಹಿರಿಯರು. ಮಳೆಗೆ ತನ್ನದೇ ಲೆಕ್ಕ ಇದೆ, ಖಜಾನೆಯ ವರ್ಷ ಅದಕ್ಕೆ ಗೊತ್ತಿಲ್ಲ. ಸಂಶೋಧನೆಗೆ ಎಷ್ಟು ಕೋಟಿ ಕೊಟ್ಟರು ಅಂತ ಪೇಪರಿನಲ್ಲಿ ಓದಿದಾಗಲೆಲ್ಲ, ಯಾವ ತಿಂಗಳು ಕೊಟ್ಟರು ಅಂತ ನಾನು ಹುಡುಕುತ್ತೇನೆ.

ಈಗ ಮುಂದಾಳತ್ವದ ಮಾತು. ಕೃಷಿ ಪರಿಷತ್ತು 1929ರಲ್ಲೇ ಹುಟ್ಟಿದರೂ, ವಿಜ್ಞಾನಿಯೊಬ್ಬರು ಅದರ ಮಹಾನಿರ್ದೇಶಕರಾದದ್ದು 1965ರಲ್ಲಿ, ಗೋಧಿ ತಳಿ ವಿಜ್ಞಾನಿ ಬಿ. ಪಿ. ಪಾಲ್ ಅವರು. ಬೆಳೆಯ ನಡುವೆ ಓಡಾಡಿದವರು ಮೇಲೆ ಕೂತರೆ ಏನು ವ್ಯತ್ಯಾಸ ಅನ್ನುವುದನ್ನು ನಾನು ಸಣ್ಣ ಮಟ್ಟದಲ್ಲಿ ಕಂಡಿದ್ದೇನೆ. ಪ್ರತಿ ಹಂಗಾಮಿನಲ್ಲಿ ಬೇರೆ ರಾಜ್ಯದ ವಿಜ್ಞಾನಿಗಳ ತಂಡ ಪ್ಲಾಟ್ ನೋಡಲು ಬರುತ್ತದೆ. ಕೆಲವರು ಬದುವಿನ ಮೇಲೇ ನಿಂತು ಸಹಿ ಹಾಕಿ ಹೋಗುತ್ತಿದ್ದರು. ಒಬ್ಬರು ಮಾತ್ರ ಪ್ಯಾಂಟ್ ಮಡಚಿ ಕೆಸರಿಗಿಳಿದು, ಕುಕ್ಕರಗಾಲಲ್ಲಿ ಕೂತು ತಾವೇ ಗಿಡ ಎಣಿಸಿದರು. ನನ್ನ ಪುಸ್ತಕದ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ಎರಡು ಗಿಡ ವ್ಯತ್ಯಾಸ ಬಂತು. ಇಬ್ಬರೂ ಸೇರಿ ಮತ್ತೆ ಎಣಿಸಿದೆವು. ಅಂಥವರು ಮುಖ್ಯಸ್ಥರಾಗಿದ್ದರೆ ಸಣ್ಣ ಕೇಂದ್ರಕ್ಕೆ ತಾನು ಕೂಲಿ ಅನ್ನಿಸುವುದೇ ಇಲ್ಲ.

2018ರ ಕತೆ ನಿಮಗೆ ನೆನಪಿರಬಹುದು. ಆ ವರ್ಷ ಮೇ ತಿಂಗಳಲ್ಲಿ ಶಿವಮೊಗ್ಗ ಕೃಷಿ ಕಾಲೇಜಿನ ಕೀಟ ವಿಜ್ಞಾನಿಗಳು ಮೆಕ್ಕೆಜೋಳದ ಸುಳಿಯಲ್ಲಿ ಹೊಸ ಹುಳುವೊಂದನ್ನು ಗುರುತಿಸಿದರು. ಅಮೆರಿಕ ಖಂಡದಿಂದ ಆಫ್ರಿಕಕ್ಕೆ ಬಂದಿದ್ದ ಫಾಲ್ ಸೈನಿಕ ಹುಳು ಅದು, ಭಾರತದಲ್ಲಿ ಕಂಡದ್ದು ಅದೇ ಮೊದಲು. ತಲೆಯ ಮೇಲೆ ತಿರುಗಿಸಿಟ್ಟ ವೈ ಆಕಾರ, ಹಿಂಭಾಗದಲ್ಲಿ ಚೌಕವಾಗಿ ನಾಲ್ಕು ಚುಕ್ಕೆ. ದಾವಣಗೆರೆ ಅಂದರೆ ಮೆಕ್ಕೆಜೋಳ, ಪಕ್ಕದಲ್ಲೇ ಶಿವಮೊಗ್ಗ. ನಮ್ಮ ಹೊಲಗಳಲ್ಲಿ ಎಲೆ ಜರಡಿಯಾಗಿ, ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ ತುಂಬಿತ್ತು. ಜುಲೈ ಹೊತ್ತಿಗೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಿಂದ ದೇಶಕ್ಕೆಲ್ಲ ಎಚ್ಚರಿಕೆ ಹೋಯಿತು. ಮರುವರ್ಷ ಅದು ಮಿಜೋರಾಂವರೆಗೂ ಮುಟ್ಟಿತು. 10 ಕೆಜಿ ತೌಡಿಗೆ 2 ಕೆಜಿ ಬೆಲ್ಲ ಕಲಸಿ, ಕೀಟನಾಶಕ ಬೆರೆಸಿ, ಹುಳು ತಿಂದು ಸಾಯುವ ವಿಷಪಾಷಾಣ ಮಾಡುವ ಕ್ರಮವನ್ನು ಊರೂರಿಗೂ ಹೇಳಿಕೊಟ್ಟರು. ಮೊದಲು ಕಂಡ ಕಣ್ಣು ದೆಹಲಿಯದಲ್ಲ, ಮಲೆನಾಡಿನ ಅಂಚಿನ ಒಂದು ಕಾಲೇಜಿನದು. ಹೊಲದ ಹತ್ತಿರ ಇದ್ದವರಿಗೇ ಅದು ಕಾಣಲು ಸಾಧ್ಯ.

ಹೊಸ ವ್ಯವಸ್ಥೆಯ ಬಗ್ಗೆಯೂ ಕೇಳಿದ್ದೀರಿ. ದೇಶದ ಸಂಶೋಧನೆಗೆ ಹಣ ಹಂಚುವ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ಬಂದದ್ದು 2023ರಲ್ಲಿ. ಪ್ರಧಾನಿಯೇ ಅದರ ಆಡಳಿತ ಮಂಡಳಿಯ ಅಧ್ಯಕ್ಷರು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಅಂದರು. ಅದರಲ್ಲಿ ಸರ್ಕಾರದ ಪಾಲು 14,000 ಕೋಟಿ. ಉಳಿದದ್ದು ಉದ್ಯಮಗಳಿಂದ, ದಾನಿಗಳಿಂದ ಬರಲಿ ಅನ್ನುವ ಲೆಕ್ಕ. ಅಷ್ಟು ಮೇಲಿನವರು ಮುಂದೆ ನಿಂತಿರುವುದು ನನಗೆ ಒಳ್ಳೆಯದೇ ಅನ್ನಿಸುತ್ತದೆ. ಆದರೆ ಖಾಸಗಿ ಹಣದ ಲೆಕ್ಕ ನನ್ನನ್ನು ಯೋಚನೆಗೆ ಹಚ್ಚುತ್ತದೆ.

ಚಳ್ಳಕೆರೆಯ ಶೇಂಗಾ ನೋಡಿ. ದಾವಣಗೆರೆಯ ಮೆಕ್ಕೆಜೋಳಕ್ಕೆ ಎಕರೆಗೆ 6ರಿಂದ 8 ಕೆಜಿ ಬೀಜ ಸಾಕು, ಹೈಬ್ರಿಡ್ ಆದ್ದರಿಂದ ಪ್ರತಿ ವರ್ಷ ಕೊಳ್ಳಲೇಬೇಕು. ಕಂಪನಿಗಳು ಸಾಲುಗಟ್ಟಿ ಬರುತ್ತವೆ. ಶೇಂಗಾಕ್ಕೆ ಎಕರೆಗೆ 40–50 ಕೆಜಿ ಬೇಕು, ರೈತ ತನ್ನ ಬೆಳೆಯಲ್ಲೇ ಬೀಜ ಎತ್ತಿಟ್ಟುಕೊಳ್ಳಬಹುದು. ಅದರಲ್ಲಿ ಕಂಪನಿಗೆ ಏನು ಲಾಭ? ಹಾಗಾಗಿಯೇ 1940ರಲ್ಲಿ ತಮಿಳುನಾಡಿನ ತಿಂಡಿವನಂನಿಂದ ಬಂದ ಟಿಎಂವಿ-2 ತಳಿ ನಮ್ಮ ಕಡೆ ಇಷ್ಟು ಕಾಲ ಉಳಿದುಕೊಂಡಿತು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ಚಳ್ಳಕೆರೆ ಒಂದು. ಅಲ್ಲಿನ ಎಣ್ಣೆ ಗಿರಣಿಗಳು ಈ ಕಾಯಿಯ ಮೇಲೇ ಬೆಳೆದವು. ಇಪ್ಪತ್ತು ದಿನ ಮಳೆ ಕೈಕೊಟ್ಟರೂ ತಡೆಯುವ ಶೇಂಗಾ ಹುಡುಕಲು ಲಾಭ ನೋಡುವವರು ಬರುವುದಿಲ್ಲ. ಅಲ್ಲಿ ಸರ್ಕಾರ ಪೂರ್ತಿ ಹಣ ಹಾಕಲೇಬೇಕು. ಈ ಮಾತನ್ನು ನಾನು ಜೋರಾಗಿಯೇ ಹೇಳುತ್ತೇನೆ.

ಇನ್ನೊಂದು ಅಪಾಯ ಇದೆ. ಮೆಕ್ಕೆಜೋಳದ ಪರೀಕ್ಷೆಯಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡು, ಮಹಾರಾಷ್ಟ್ರ ಒಂದೇ ವಲಯ. ಅಷ್ಟು ಕಡೆಯ ಸರಾಸರಿಯಲ್ಲಿ ಗೆದ್ದ ತಳಿ ಜಗಳೂರಿನ ಕೆಂಪು ಮಣ್ಣಿನಲ್ಲಿ ಸೋಲಬಹುದು. ಸೋತದ್ದನ್ನು ನಾವು ಬರೆದು ಕಳಿಸುತ್ತಿದ್ದೆವು, ಆದರೆ ಅದಕ್ಕೆ ಬೇರೆ ಪ್ರಶ್ನೆ ಎತ್ತಿ ಬೇರೆ ಪ್ರಯೋಗ ಮಾಡಲು ನಮ್ಮ ಹತ್ತಿರ ಹಣ ಇರಲಿಲ್ಲ. ನೀವು ಕೇಳಿದ ಕೂಲಿತನ ಇರುವುದು ಇಲ್ಲಿ. ಅಳತೆ ಮಾಡುವುದರಲ್ಲಿ ಅವಮಾನ ಇಲ್ಲ. ನಮ್ಮ ಪ್ರಶ್ನೆಗೆ ಜಾಗವೇ ಇಲ್ಲದಿದ್ದಾಗ ನೋವಾಗುತ್ತದೆ.

ಹಾಗಾಗಿ ಸೇರಿಕೊಳ್ಳಿ, ಆದರೆ ಸುಮ್ನೆ ಸಹಿ ಹಾಕಬೇಡಿ. ನಿಮ್ಮ ವಿಭಾಗದ ಒಂದಾದರೂ ಸ್ವಂತ ಪ್ರಶ್ನೆ ಯೋಜನೆಯ ಒಳಗೆ ಇರಲಿ, ಅದಕ್ಕೆ ಪ್ರತ್ಯೇಕ ಹಣ ಇರಲಿ ಅಂತ ಮೊದಲೇ ಬರೆಸಿಕೊಳ್ಳಿ. ನಡುವಿನ ಸಂಸ್ಥೆಯವರು ವರ್ಷಕ್ಕೆ ಎಷ್ಟು ಸಲ ನಿಮ್ಮಲ್ಲಿಗೆ ಬರುತ್ತಾರೆ ಕೇಳಿ. ಅಂಥ ದೊಡ್ಡ ಸಂಸ್ಥೆ ದೂರದಲ್ಲೇ ಇರಬೇಕೆಂದೇನೂ ಇಲ್ಲ, ಚಳ್ಳಕೆರೆ ಹತ್ತಿರ ಕುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ, ಅಲ್ಲಿಯೂ ವಿಚಾರಿಸಬಹುದು. ಕಂತಿನ ಹಣ ತಡವಾದರೆ ಕಾಲೇಜು ಮುಂಗಡವಾಗಿ ಕೊಡುತ್ತದೆ ಅನ್ನುವ ಪತ್ರವನ್ನು ಪ್ರಾಂಶುಪಾಲರಿಂದ ಪಡೆಯಿರಿ. ಬಜೆಟ್ಟಿನಲ್ಲಿ ಯಂತ್ರದ ಸಾಲು, ಪ್ರಯಾಣದ ಸಾಲು ಎಲ್ಲರೂ ಹಾಕುತ್ತಾರೆ. ದಿನಗೂಲಿಗೂ ಒಂದು ಸಾಲು ಹಾಕಿ. ಮೇಲಿನವರು ಏನನ್ನಾದರೂ ಕಡಿಮೆ ಮಾಡಿ ಅಂದಾಗ ಎಲ್ಲರೂ ಮೊದಲು ಹೊಡೆಯುವುದು ಆ ಸಾಲನ್ನೇ. ನೀವು ಅದೊಂದನ್ನು ಬಿಟ್ಟುಕೊಡಬೇಡಿ.