ಮೊದಲ ವಾರ್ಷಿಕ ತಪಾಸಣೆಗೆ ಹೋಗುವಾಗ

ಭೂ ಸಂರಕ್ಷಣಾ ಸಂಸ್ಥೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೀರಿ, ಸಂರಕ್ಷಣಾ ಒಪ್ಪಂದದಡಿ (ಜಮೀನಿನ ಬಳಕೆಗೆ ಮಿತಿ ಹಾಕುವ ಷರತ್ತುಗಳಿಗೆ ಮಾಲೀಕರು ಸಂಸ್ಥೆಯೊಂದಿಗೆ ಒಪ್ಪಿರುವ ಕರಾರು) ಇರುವ ಖಾಸಗಿ ಜಮೀನಿನ ವಾರ್ಷಿಕ ತಪಾಸಣೆ ಹೇಗೆ ಮಾಡಬೇಕೆಂದು ಕೇಳಿದ್ದೀರಿ.

ಹೊರಡುವ ಮುನ್ನ ಸಂರಕ್ಷಣಾ ಒಪ್ಪಂದ, ಒಪ್ಪಂದವಾದಾಗಿನ ಸ್ಥಿತಿಯ ಮೂಲ ವರದಿ, ಹೋದ ವರ್ಷದ ಟಿಪ್ಪಣಿ ಇಷ್ಟನ್ನೂ ಓದಿ. ಮಾಲೀಕರಿಗೆ ಬರವಣಿಗೆಯಲ್ಲೇ ಮುಂಚಿತವಾಗಿ ತಿಳಿಸಿ. ಜಮೀನು ಕೈ ಬದಲಾಗಿದೆಯೇ ಎಂಬುದನ್ನು ತಪ್ಪದೆ ನೋಡಿ. ಕೊಂಡವರಿಗೆ ಷರತ್ತುಗಳು ಗೊತ್ತಿಲ್ಲದೆ ಉಲ್ಲಂಘನೆ ಆಗುವುದು ಸಾಮಾನ್ಯ.

ಜಾಗಕ್ಕೆ ಹೋದಮೇಲೆ ನಡುವಿನ ಕಾಡಿಗಿಂತ ಗಡಿಗೇ ಹೆಚ್ಚು ಸಮಯ ಕೊಡಿ. ಪಕ್ಕದವರ ಬೇಲಿ ಒಳಗೆ ಸರಿದಿರುವುದು, ಕಸ ಸುರಿದಿರುವುದು, ಮರ ಕಡಿದಿರುವುದು ಅಲ್ಲೇ ಕಾಣುತ್ತದೆ. ಉಪಗ್ರಹ ಚಿತ್ರ ಸಹಾಯಕ್ಕೆ ಬರುತ್ತದೆ, ಆದರೆ ದಟ್ಟ ಮರಗಳ ಕೆಳಗೆ ಏನಾಗಿದೆ ಎಂದು ತೋರಿಸುವುದಿಲ್ಲ.

ಫೋಟೋದಲ್ಲೇ ಹೆಚ್ಚಿನವರು ಎಡವುವುದು. ಮೂಲ ವರದಿಯಲ್ಲಿ ಗುರುತಿಸಿದ ಜಾಗದಲ್ಲೇ ನಿಂತು, ಅದೇ ದಿಕ್ಕಿಗೆ, ಜೂಮ್ ಬದಲಿಸದೆ ತೆಗೆಯಿರಿ. ಜಿಪಿಎಸ್ ಬಿಂದು, ದಿಕ್ಸೂಚಿಯ ಡಿಗ್ರಿ, ದಿನಾಂಕ ಬರೆದುಕೊಳ್ಳಿ. ದಿಕ್ಕು ಬರೆಯದ ಫೋಟೋವನ್ನು ಮುಂದಿನ ವರ್ಷ ಹೋಲಿಸಲು ಆಗುವುದೇ ಇಲ್ಲ. ಸಾಧ್ಯವಾದರೆ ಪ್ರತಿವರ್ಷ ಅದೇ ಋತುವಿನಲ್ಲಿ ಹೋಗಿ, ಎಲೆ ತುಂಬಿದಾಗ ಗಡಿಕಲ್ಲುಗಳೇ ಮರೆಯಾಗುತ್ತವೆ.

ಉಲ್ಲಂಘನೆ ಕಂಡರೆ ಸ್ಥಳದಲ್ಲೇ ತೀರ್ಪು ಹೇಳಬೇಡಿ. ಅಳತೆ ತೆಗೆದುಕೊಳ್ಳಿ, ಫೋಟೋ ತೆಗೆಯಿರಿ, ಮೇಲಿನವರಿಗೆ ತಿಳಿಸಿ. ವರದಿಯನ್ನು ಅಂದೇ ಬರೆದು ಸಹಿ ಹಾಕಿ. ವಿಷಯ ನ್ಯಾಯಾಲಯಕ್ಕೆ ಹೋದರೆ ಆಧಾರವಾಗುವುದು ಆ ಕಾಗದ.